ಹಲಗಿ ಮ್ಯಾಲ ಇಲ್ಲದ ಹೆಸರು

12 ಮಾರ್ಚ್ 2018, ಸೋಮವಾರ. ಮುಂಜಾನೆ 6:25

...ಕೆಂಪು ದೀಪ. ಹಾಂ, ಈಗ ಮಾತಾಡಬಹುದು. ಹಾರ್ನ್‌ಬಿ ದಾಟಾಕತ್ತೇನಿ. ಮುಂದೊಂದು ಲಾರಿ, ಹಿಂದೊಂದು ಲಾರಿ, ನಡುವ ನನ್ನ ಯೂಟ್, ಪಿಕಪ್ ಗಾಡಿ. ಹಿಂದ ಕಟಗಿ, ಮೊಳಿ, ನೇಲ್ ಗನ್ನು. ಬಾಜೂ ಸೀಟಿನ್ಯಾಗ ಹೆಂಡ್ತಿ ನಜೀರಾ ಕಟ್ಟಿದ ಬುತ್ತಿ. ಅದಕ್ಕೂ ಬೆಲ್ಟ್ ಹಾಕೇನಿ — ಇಲ್ಲಂದ್ರ ಗಾಡಿ ಕುಂಯ್ ಕುಂಯ್ ಅಂತೈತಿ.

ಇವತ್ತ ರಾಸ್‌ನ ಮನಿ ನೆಲ ಮುಗೀಬೇಕ. ರಾಸ್ ಅಂದ್ರ ನಮ್ಮ ಟ್ರಸ್ಟಿನ ಚೇರ್ಮನ್. ಬೇಲಿ ಕಟ್ಟೂ ಕೆಲಸದಂವ. ಮಾತ ಕಡಿಮಿ. ನಾಕ್ ಮಾತಾಡಿದ್ರ ಅದ್ರಾಗ ಎರಡು "ಯಾ, ನಾ" — ಹೌದೂ ಅಲ್ಲ, ಇಲ್ಲಾನೂ ಅಲ್ಲ.

ಈ ರೆಕಾರ್ಡಿಂಗ್ ಐಡಿಯಾ ಮೆಹ್ನಾಜಂದು. ಡಾಕ್ಟರು ಬೆಂಕಿ ಹೊಗಿ ಕೆಮ್ಮು ಹೋತು, ನಿದ್ದಿ ಯಾಕ ಬರವಲ್ದು ಅಂತ ಕೇಳಿದ್ರು. ಮಗಳು ಆಕ್ಲೆಂಡಿನ ಪಾಪಟೋಟೊಯಿಯಿಂದ ಫೋನ್ ಮಾಡಿ, "ಅಬ್ಬಾ, ಯು ಟಾಕ್ ಎನಿವೇ. ಜಸ್ಟ್ ಟಾಕ್ ಟು ದ ಫೋನ್" ಅಂದ್ಲು. ಯಾರ ಕೇಳವ್ರ ಇದನ್ನ? ಯಾರೂ ಇಲ್ಲ. ಛಲೋ ಆತು.

ಮನ್ಯಾಗ ಉರ್ದು. ಕೆಲಸದಾಗ ಇಂಗ್ಲಿಷು. ಒಬ್ಬನ ಇದ್ದಾಗ ಬಾಯಾಗ ಕನ್ನಡನ ಬರ್ತೈತಿ. ನ್ಯೂಜಿಲೆಂಡಿಗೆ ಬಂದ್ರೂ ಸವಣೂರಿನ ಸರ್ಕಾರಿ ಶಾಲಿ ಇನ್ನೂ ಬಿಟ್ಟಿಲ್ಲ ನನ್ನ. ಐವತ್ತಾತು ವಯಸ್ಸು... ಗ್ರೀನ್. ಹೊಂಟ್ನಿ.

ಅದ ದಿನ. ಸಂಜಿ 5:40

ನೆಲ ಮುಗೀಲಿಲ್ಲ. ಗಾಳಿ. ನಾರ್ವೆಸ್ಟರ್, ಬಿಸಿ ಒಣ ಗಾಳಿ, ಬೀಸಿತಂದ್ರ ಕಣಿವಿ ಮಂದಿಯೆಲ್ಲ ಕೈ ನಿಲ್ಲಿಸಿ ಗುಡ್ಡ ನೋಡ್ತಾರ. ಹೊಗಿ ಎದ್ದೈತೇನು ಅಂತ ನೋಡ್ತಾರ.

ಹೋದ ವರ್ಷ ಫೆಬ್ರವರ್ಯಾಗ ಇದ ಗಾಳಿ. ಪೈನ್ ತೋಪಿನ್ಯಾಗ ಹತ್ತಿದ ಬೆಂಕಿ ಅರ್ಧ ತಾಸಿನ್ಯಾಗ ಮಟಗೌರಿ ಕಣಿವಿಗೆ ಇಳೀತು. ಮಟಗೌರಿ ಅಂದ್ರ ಮುಳ್ಳಕಂಟಿ, ಇಲ್ಲಿಂದ. ಗೆಳ್ಯಾ ಬದರಿನಾಥ್ ಮೊದಲ ಸಲ ಹೆಸರ ಕೇಳಿ, "ನಮ್ಮ ಗೌರಿ ಇಷ್ಟು ದೂರ ಬಂದು ಮಠ ಕಟ್ಕೊಂಡಿದಾಳಾ!" ಅಂದಿದ್ದ. ಹನ್ನೊಂದು ಮನಿ ಸುಟ್ಟೂವು. ಜೀವ ಹೋಗಲಿಲ್ಲ, ಅಲ್ಲಾಹನ ದಯಾ. ಕುರಿ ಹೋದೂವು. ಅದನ್ನ ಹೇಳೂದು ಬ್ಯಾಡ.

ನಮ್ದು ಬಾಡಗಿ ಮನಿ. ಜೋನ್ ಅಂತ ಒಬ್ಬ ಮುದುಕಿ, ಎಪ್ಪತ್ತೆಂಟು. ಅವರ ಫಾರ್ಮಿನ್ಯಾಗಿನ ಸಣ್ಣ ಕಾಟೇಜು. ಒಂಬತ್ತು ವರ್ಷ ಇದ್ವಿ. ಬಾಜೂಕ ಅಕ್ರೋಟ್ ಗಿಡ. ಬಾಡಗ್ಯಾಗ ಇದ್ದವ್ರಿಗೆ ಬೆಂಕಿ ಬಿದ್ರ ಏನ್ ಹೋಗ್ತೈತಿ? ಪಾತ್ರಿ, ಹಾಸಗಿ, ಮೆಹ್ನಾಜನ ಶಾಲಿ ಫೋಟೋ. ಭೂಮಿ ನಮ್ದಲ್ಲ, ಮನಿ ನಮ್ದಲ್ಲ. ಆದ್ರ ಊರು?

ಊರು ಯಾರ ಹೆಸರಿಗೂ ಇರಂಗಿಲ್ಲ. ಅದಕ್ಕ ಅದು ಹೋದ್ರ ಯಾರ ಕಡೆ ಹೋಗಿ ಕೇಳೂದು...

15 ಮಾರ್ಚ್, ಗುರುವಾರ. 10:10, ಸ್ಮೋಕೋ

ಚಾ ಕುಡಿಯೂ ಹೊತ್ತು. ಇಲ್ಲೆ ಅದಕ್ಕ ಸ್ಮೋಕೋ ಅಂತಾರ. ಈ ಕಣಿವ್ಯಾಗ ಈಗ ಆ ಮಾತ ಯಾರೂ ಜೋರಾಗಿ ಅನ್ನಂಗಿಲ್ಲ. "ಟೀ" ಅಂತಾರ.

ಟ್ರಸ್ಟಿನ ಸುದ್ದಿ ಹೇಳಿಬಿಡ್ತೇನಿ. ಸುಟ್ಟ ಮ್ಯಾಲ ಸಿಟಿ ಮಂದಿ ಬಂದ್ರು, ಭೂಮಿ ಕೊಳ್ಳಾಕ. ರಜಾಕ್ಕ ಬಂದು ಇರಾಕ ದೊಡ್ಡ ದೊಡ್ಡ ಮನಿ ಕಟ್ಟವ್ರು. ಜೋನಮ್ಮ — ನಾ ಮನಸ್ಸಿನ್ಯಾಗ ಹಂಗ ಅಂತೇನಿ, ಜೋನಮ್ಮ ಅಂತ — ಮಾರಲಿಲ್ಲ. ಎಂಟು ಎಕರೆ ಟ್ರಸ್ಟಿಗೆ ಬರದು ಕೊಟ್ರು. ಭೂಮಿ ಟ್ರಸ್ಟಿಂದು. ಯಾವತ್ತೂ ಯಾರೂ ಮಾರಂಗಿಲ್ಲ. ಮ್ಯಾಲಿನ ಮನಿ ಮಾತ್ರ ನಿಂದು. ಬಿಟ್ಟ ಹೋಗೂದಾದ್ರ ಮಿತಿ ರೇಟಿಗೆ ಇನ್ನೊಬ್ಬ ಕಣಿವಿಯಂವಗ ಕೊಟ್ಟು ಹೋಗಬೇಕ.

ಮೀಟಿಂಗಿನ್ಯಾಗ ವಕೀಲ ಒಂದು ತಾಸು ತಿಳಿಸಿ ಹೇಳಿದ. ಮಂದಿ ತಲಿ ಕೆರಕೊಂಡ್ರು. ನನಗ ಎರಡ ನಿಮಿಷದಾಗ ತಿಳೀತು. ವಕ್ಫ್ ಇದ್ದಂಗ! ಸವಣೂರಿನ್ಯಾಗ ನಮ್ಮ ಓಣಿ ಬಾವಿ ಹಂಗ ಇತ್ತು. ಯಾರೋ ಪುಣ್ಯಾತ್ಮ ಕೊಟ್ಟದ್ದು, ಯಾರಿಗೂ ಸೇರಿದ್ದಲ್ಲ, ಎಲ್ಲರೂ ಸೇದಿದ್ದು.

ಕೆಲಸನೂ ಹಂಗ ನಡದೈತಿ. ಎಲ್ಲರೂ ಎಲ್ಲರ ಮನಿಗೆ ಕೈ ಹಚ್ಚೂದು. ಇವ್ರು "ವರ್ಕಿಂಗ್ ಬೀ" ಅಂತಾರ. ನಮ್ಮಲ್ಲಿ ಮುಯ್ಯಿ ಆಳು. ನಿನ್ನ ಹೊಲಕ್ಕ ನಾ ಬರ್ತೇನಿ, ನನ್ನ ಹೊಲಕ್ಕ ನೀ ಬಾ. ಲೈಸೆನ್ಸ್ ಇದ್ದ ಬಿಲ್ಡರ್ ನಾನೊಬ್ಬನ. ವಾರಕ್ಕ ಮೂರ ದಿನ ಸಿಟಿ ಕೆಲಸ, ಉಳಿದದ್ದು ಇಲ್ಲೆ.

ಹಾಲ್‌ನ್ಯಾಗ ಒಂದು ಬಿಳಿ ಹಲಗಿ ಐತಿ. ಮನಿ ಬೇಕಾದವ್ರು ಹೆಸರ ಬರೀಬೇಕ. ಮೊದಲ ಕಂತಿನ್ಯಾಗ ಆರ ಮನಿ, ಬೋರಿನ ನೀರು ಆರಕ್ಕ ಮಾತ್ರ ಸಾಕು ಅಂತ ಕೌನ್ಸಿಲ್ ಹೇಳೈತಿ. ಈಗ ಐದ ಹೆಸರ ಅದಾವು.

ನಮ್ಮ ಹೆಸರು ಬರದಿಲ್ಲ ಇನ್ನ. ಬರೀತಾರ. ಜೋನಮ್ಮ ಹಾರ್ನ್‌ಬಿಯ ನಮ್ಮ ಈಗಿನ ಫ್ಲ್ಯಾಟಿಗೆ ಬಂದಿದ್ರು, ಸ್ಕೋನ್ ಅಂತ ಸಣ್ಣ ಬನ್ ಮಾಡ್ಕೊಂಡು. ನಜೀರಾ ಕೈ ಹಿಡಕೊಂಡು, "ನೀವಿಬ್ರೂ ಮನಿಗೆ ವಾಪಸ್ ಬರ್ತೀರಿ ಹೌದಲ್ಲೋ" ಅಂದ್ರು. ನಾ ಗೋಣ ಹಾಕಿದ್ನಿ. ಮುಗೀತಲ್ಲ! ಹಿರೇರು ಮನಿತನಕ ಬಂದು ಕರದಾರ. ಅದರ ಮ್ಯಾಲ ನಾವ ಹೋಗಿ ಹಲಗಿ ಮ್ಯಾಲ ನಮ್ಮ ಹೆಸರ ಬರಕೊಳ್ಳೂದಂದ್ರ... ದಾವತ್ತಿಗೆ ಹೋಗಿ ನಾವ ದಸ್ತರಖಾನ ಹಾಸ್ಕೊಂಡು, ನಾವ ಬಿರ್ಯಾನಿ ಬಡಿಸ್ಕೊಂಡಂಗ.

ರಾಸ್ ಕೂಗಾಕತ್ತಾನ. ಹೋಗ್ತೇನಿ.

8 ಏಪ್ರಿಲ್, ರವಿವಾರ. ಮಧ್ಯಾಹ್ನ, ಯೂಟ್‌ನ್ಯಾಗ, ಮನಿ ಮುಂದ

ನಜೀರಾ ಒಳಗ ಬಟ್ಟಿ ಇಸ್ತ್ರಿ ಮಾಡಾಕತ್ತಾಳ. ಎರಡ ರೂಮಿನ ಫ್ಲ್ಯಾಟು. ಕಿಟಕಿ ತಗದ್ರ ಗೋಡಾನಿನ ಗ್ವಾಡಿ. ಟ್ರಕ್ಕು ಹಿಂದ ಬರೂ ಬೀಪ್ ಬೀಪ್ ಸಪ್ಪಳ ದಿನ ಇಡೀ. ಅಕಿ ಏನೂ ಅನ್ನಂಗಿಲ್ಲ. ಅನ್ನೂದಿಲ್ಲ ಅನ್ನೂದ ನನಗ ತ್ರಾಸು.

ಬೆಂಕಿ ಬಿದ್ದ ದಿನದಿಂದ ಅಕಿ ಕಣಿವಿಗೆ ಕಾಲ ಇಟ್ಟಿಲ್ಲ. ಹದಿನಾಕ ತಿಂಗಳಾತು. ಕರದ್ರ, "ನೀವ ಹೋಗಿ ಬರ್ರಿ" ಅಂತಾಳ.

ಒಂದ ಮಾತ ಹೇಳಿಲ್ಲ ಅಕಿಗೆ. ಬೂದಿ ಕೆದರಿದಾಗ ಖಾರ ಕುಟ್ಟೂ ಕಲ್ಲು ಸಿಕ್ಕಿತ್ತು. ಬ್ಯಾಡಗಿಯಿಂದ ಅಕಿ ತಂದದ್ದು. ಆಕ್ಲೆಂಡ್ ಏರ್‌ಪೋರ್ಟಿನ್ಯಾಗ ಆಫೀಸರು ಅದನ್ನ ತಿರಿವಿ ಹೊಳ್ಳಿಸಿ, ನಡುವಿನ ಕುಳಿಯಾಗ ಟಾರ್ಚ್ ಬಿಟ್ಟು ನೋಡಿ, "ಮ್ಯಾಮ್, ಇದು ಏನು?" ಅಂದಿದ್ದ. "ಕಲ್ಲು" ಅಂದಿದ್ಲು ನಜೀರಾ. "ಕಲ್ಲು ನ್ಯೂಜಿಲೆಂಡಿನ್ಯಾಗೂ ಅದಾವು ಮ್ಯಾಮ್." "ಖಾರ ಕುಟ್ಟಿ ನೋಡು ನಿಮ್ಮ ಕಲ್ಲಿನ್ಯಾಗ" ಅಂದ್ಲು, ಉರ್ದುದಾಗ. ನಾ ಇಂಗ್ಲಿಷಿನ್ಯಾಗ "ಶಿ ಸೇಸ್ ಥ್ಯಾಂಕ್ ಯೂ" ಅಂದ್ನಿ.

ಆ ಕಲ್ಲು ಬೆಂಕಿಗೆ ಸೀಳಿ ಎರಡಾಗೇತಿ. ಟೂಲ್‌ಬಾಕ್ಸಿನ ತಳಕ್ಕ ಇಟ್ಟೇನಿ, ಗೋಣಿಚೀಲದಾಗ ಸುತ್ತಿ. ಒಡದದ್ದನ್ನ ಹೆಂಗ ಕೈಗೆ ಕೊಡೂದು? ಅಲ್ಲೆ ಐತಿ. ಬ್ರೇಕ್ ಹಾಕಿದಾಗೆಲ್ಲ ಒಳಗ ದಡಕ್ಕನ ಅಂತೈತಿ.

22 ಮೇ, ಮಂಗಳವಾರ. ಮಧ್ಯಾಹ್ನ 3:30

ರೋಜಾ. ಆರನೇದು. ಇಲ್ಲೆ ಮೇ ಅಂದ್ರ ಚಳಿಗಾಲ, ರೋಜಾ ಸಣ್ಣದು, ಐದೂ ಚಿಲ್ಲರಿಗೆ ಸೂರ್ಯ ಮುಳುಗ್ತಾನ. ಆದ್ರೂ ಫ್ರೇಮ್ ಎತ್ತೂದಂದ್ರ ನಡ ಹೇಳ್ತೈತಿ — ಐವತ್ತು, ಐವತ್ತು.

ರಾಸ್ ನನ್ನ ಮುಂದ ತಿನ್ನಂಗಿಲ್ಲ. ಯೂಟ್ ಹಿಂದ ಅಡಗಿ ಪೈ ತಿಂತಾನ, ಕಳ್ಳ ಬೆಕ್ಕಿನಂಗ. "ರಾಸ್, ಹೊರಗ ಬಾ, ವಾಸನಿ ಬರಾಕತ್ತೈತಿ" ಅಂದ್ನಿ. ಕೆಚಪ್ ಮೀಸಿಗೆ ಹತ್ತಿತ್ತು. "ಸಾರಿ ಮೇಟ್." ನಕ್ವಿ ಇಬ್ರೂ. ಮೂರ ಮನಿ ಎದ್ದಾವು ಈಗ. ಕರೀ ಗುಡ್ಡದ ಮುಂದ ಹಳದಿ ಕಟಗಿ ಚೌಕಟ್ಟು... ಛಂದ ಕಾಣ್ತೈತಿ. ಹಾಡ ಹೇಳಬೇಕು ಅನ್ನುವಷ್ಟು.

ಜೋನಮ್ಮಗ ಆರಾಮಿಲ್ಲ. ನೋಡಾಕ ಹೋಗಿದ್ನಿ. ಆಕ್ಸಿಜನ್ ನಳಿಗಿ ಹಾಕ್ಯಾರ. "ಅಫ್ಜಲ್, ನಿಂದ ಮನಿ ಎಷ್ಟನೇದು?" ಅಂದ್ರು. "ಕಡೀಕ" ಅಂದ್ನಿ. "ಬಡಿಗ್ಯಾ ಯಾವಾಗಲೂ ಕಡೀಕ" ಅಂತ ನಕ್ರು. ಆಮ್ಯಾಲ ಕೆಮ್ಮು.

ನಮ್ಮಪ್ಪನೂ ಬಡಿಗ್ಯಾನ. ಓಣ್ಯಾಗಿನ ಅಷ್ಟೂ ಮನಿ ಬಾಗಲ ಚೌಕಟ್ಟು ಅವ್ರ ಕೈದು. ನಮ್ಮ ಮನಿಗೆ ನಾಕ ವರ್ಷ ಗೋಣಿ ಪರದೆ. ಯಾರರ "ಉಸ್ತಾದ್, ನಿಮ್ದು ಯಾವಾಗ, ನಾವು ಬರ್ತೇವಿ" ಅಂತಾರ ಅಂತ ಕಾದ್ರು. ಯಾರೂ ಅನ್ನಲಿಲ್ಲ. ಗೋಣಿ ಪರದೆ ಅವಂಗ ಹಿಡಸೈತಿ ಅಂತ ಮಂದಿ ತಿಳಕೊಂಡಿದ್ರು ಅನಸ್ತೈತಿ.

ಬಾಗಲ ಹೆಂಗ ಬಂತು ನೆನಪಿಲ್ಲ. ಅವ್ವಾನ ಏನೋ ಮಾಡಿದ್ಲು.

9 ಜೂನ್, ಶನಿವಾರ. ಸಂಜಿ

ಜೋನಮ್ಮ ಹೋದ್ರು. ಬುಧವಾರ. ಇವತ್ತ ಹಾಲ್‌ನ್ಯಾಗ ಕಡೀ ವಿದಾಯ. ನಜೀರಾ ಬರಲಿಲ್ಲ. ಬದಲಿಗೆ ನಾಕ ಡಜನ್ ಸಮೋಸಾ ಕಳಿಸಿದ್ಲು. ಖಾಲಿ ತಾಟ ತಂದೇನಿ.

ಶವದ ಪೆಟ್ಟಗಿ ನಾನ ಮಾಡಿದ್ದು. ಮ್ಯಾಕ್ರೊಕಾರ್ಪಾ ಕಟಗಿ, ಸುಟ್ಟ ಗಿಡದ ಒಳಗಿನ ತಿರುಳು. ಅವರ ಮಗಳು ಕೇಳಿದ್ಲು, ಮಾಡಿದ್ನಿ. ರೋಜಾದಾಗ ಪುಣ್ಯದ ಕೆಲಸ.

ಚಾ ಹೊತ್ತಿನ್ಯಾಗ ಹಲಗಿ ಕಡೆ ನೋಡಿದ್ನಿ. ಆರ ಹೆಸರು. ಆರನೇದು ನೀಲಿ ಅಕ್ಷರ — ಕೀರಿ ಮತ್ತ ಟಿಮ್. ಕೀರಿ ನರ್ಸು, ಸಣ್ಣ ಕೂಸು ಐತಿ, ಬೆಂಕಿ ಆದಾಗಿಂದ ತಾಯಿ ಗ್ಯಾರೇಜಿನ್ಯಾಗ ಅದಾರ. ಹೆಸರಿನ ಕೆಳಗ ಒಂದು ಗೆರಿ.

ಗೆರಿ ಅಂದ್ರ ಏನು? ಕೇಳಲಿಲ್ಲ. ಸಾವಿನ ಮನ್ಯಾಗ ಕೇಳೂದೇನ.

11 ಜೂನ್, ಸೋಮವಾರ. 12:50

ಬದರಿನಾಥ್ ಫೋನ್ ಇಟ್ಟ ಈಗ. ಮೈಸೂರಿನಂವ, ಇಲ್ಲೇ ಓದಿ ಇಂಜಿನಿಯರ್ ಆದಂವ. ಟ್ರಸ್ಟಿಗೆ ನೀರು-ಡ್ರೈನೇಜಿನ ನಕ್ಷೆ ಪುಕ್ಕಟ ಮಾಡಿ ಕೊಡ್ತಾನ.

"ಏನ್ರೀ ಅಫ್ಜಲ್, ಲಿಸ್ಟ್ ಕೌನ್ಸಿಲ್‌ಗೆ ಕಳಿಸಿದ್ರು. ನಿಮ್ಮ ಹೆಸರೇ ಇಲ್ವಲ್ರೀ?"

"ಇರಬೇಕಲ್ಲ" ಅಂದ್ನಿ.

"ನೀವು ಬರೆದ್ರಾ?"

"ಜೋನ್ ಕರದಿದ್ರು."

"ಕರೆಯೋದು ಬೇರೆ, ಬರೆಯೋದು ಬೇರೆ ಕಣ್ರೀ! ಮೇ ಮೂವತ್ತೊಂದು ಕೊನೆ ದಿನ ಅಂತ ಎರಡು ಸಲ ಮೇಲ್ ಬಂತಲ್ಲ. ನೀವು ಸಿಟೀಲಿ ಸೆಟ್ಲ್ ಆಗ್ತೀರಾ ಅಂತ ಅಂದ್ಕೊಂಡಿದಾರೆ ಅವರೆಲ್ಲ. ನಾನೂ ಹಂಗೇ ಅಂದ್ಕೊಂಡೆ."

ಮೇಲ್ ಓದಿದ್ನಿ. "ಹೆಸರ ಇನ್ನೂ ಬರೀದವ್ರು" ಅಂತ ಇತ್ತು. ಅದು ಬ್ಯಾರೇದವ್ರಿಗೆ ಅಂತ...

ಹದಿನೈದ ತಿಂಗಳು ಅವರ ಮನಿ ಕಟ್ಟೇನಿ. ಒಬ್ಬರಿಗರ ಅನಸಲಿಲ್ಲೇನ, ಇಂವ ಯಾಕ ಇಷ್ಟ ಬಡಕೊಳ್ಳಾಕತ್ತಾನ ಅಂತ? ಒಳ್ಳೇಂವ ಅಂತ ಅನಕೊಂಡ್ರಂತ. ಬದರಿನಾಥನ ಹೇಳಿದ. "ತುಂಬಾ ಜನರಸ್ ಅಂತಾರೆ ರೀ ನಿಮ್ಮನ್ನ."

ಜನರಸ್.

ಸಿಟ್ಟು ಯಾರ ಮ್ಯಾಲ ಮಾಡೂದು. ರೋಜಾ ಬ್ಯಾರೆ.

2 ಜುಲೈ, ಸೋಮವಾರ

ನಜೀರಾಗ ಹೇಳಿಲ್ಲ.

17 ಜುಲೈ, ಮಂಗಳವಾರ. ಮುಂಜಾನೆ 8:00

ಕೀರಿ ಸೈಟು. ನಂಬರ್ ನಾಕು. ಇವತ್ತ ಗೂಟ ಹೊಡದು ದಾರ ಕಟ್ಟೂದು.

ನಂಬರ್ ನಾಕಂದ್ರ ನಮ್ಮ ಕಾಟೇಜಿನ ಜಾಗಾ. ಅಕ್ರೋಟ್ ಗಿಡದ ಬೊಡ್ಡಿ ಐತಿ. ಬೊಡ್ಡ್ಯಾಗಿಂದ ನಾಕ ಹಸರ ಚಿಗುರು ಬ್ಯಾಸಗ್ಯಾಗ ಬಂದಿದ್ದೂವು, ಈಗ ಬರೀ ಕಡ್ಡಿ. ದಾರದ ಒಂದ ತುದಿ ಟಿಮ್ ಹಿಡದಿದ್ದ, ಒಂದ ತುದಿ ನಾನು. ಹಿಂದ ಹಿಂದ ಹೋಗಿ ನಿಂತ್ನಿ. ಎಲ್ಲಿ ನಿಂತೇನಿ ಅಂತ ಆಮ್ಯಾಲ ತಿಳೀತು. ನಮ್ಮ ಅಡಗಿಮನಿ ಬಾಗಲ.

"ಯೂ ರೈಟ್, ಅಫ್ಜಲ್?" ಅಂದ ಟಿಮ್.

"ಒಂದ ಇಂಚ ಇತ್ತ ಬಾ" ಅಂದ್ನಿ.

ಕೀರಿ ಕೂಸನ್ನ ಎದಿಗೆ ಕಟ್ಟಕೊಂಡು ಚಾ ತಂದ್ಲು. ಛಲೋ ಹುಡುಗಿ. ಅಕಿ ಮ್ಯಾಲ ಏನ ಸಿಟ್ಟು? ಚಾ ಬಿಸಿ ಇತ್ತು. ಸಕ್ಕರಿ ಎರಡ ಚಮಚ, ನೆನಪಿಟ್ಟಕೊಂಡಾಳ.

14 ಆಗಸ್ಟ್, ಮಂಗಳವಾರ. 6:10

ಮೆಹ್ನಾಜಗ ಹೇಳಿದ್ನಿ. ತಡಕೊಳ್ಳಾಕ ಆಗಲಿಲ್ಲ. "ಅಬ್ಬಾ! ಯು ಹ್ಯಾವ್ ಟು ಆಸ್ಕ್. ದೇ ಕಾಂಟ್ ರೀಡ್ ಯುವರ್ ಮೈಂಡ್."

"ಕೇಳೂದಂದ್ರ ಹೆಂಗವ್ವಾ, ಇಷ್ಟ ದಿನ ಕೆಲಸ ಮಾಡಿ ಈಗ ಕೇಳಿದ್ರ, ಅದಕ್ಕ ಮಾಡಿದ ಅಂತಾರ."

"ಸೋ? ಡಿಡ್‌ನ್ಟ್ ಯೂ?"

...ಹೌದಲ್ಲ. ಅದಕ್ಕೂ ಮಾಡೇನಿ. ಮುಯ್ಯಿ ಅಂದ್ರ ಪುಕ್ಕಟ ಅಲ್ಲ. ಆದ್ರ ಮುಯ್ಯಿ ಬೇಡಿ ಇಸಗೊಳ್ಳೂದಲ್ಲ, ತಾನ ಬರಬೇಕು. ಸವಣೂರಿನ್ಯಾಗ ಎಲ್ಲರಿಗೂ ಗೊತ್ತಿರ್ತಿತ್ತು ಯಾರ ಸರತಿ ಅಂತ. ಇಲ್ಲೆ ಹಲಗಿಗೆ ಗೊತ್ತಿರ್ತೈತಿ. ಮಂದಿ ಬಾಯಿ ಮುಚ್ಚಕೊಂಡು ಹಲಗಿ ಓದ್ತಾರ. ಯಾರದೂ ತಪ್ಪಲ್ಲ. ಇದ ದೊಡ್ಡ ತ್ರಾಸು, ಯಾರದೂ ತಪ್ಪಲ್ಲ.

"ಅಮ್ಮೀಗೆ ಹೇಳು" ಅಂದ್ಲು. ಕನ್ನಡದಾಗ! ಅಕಿ ಬಾಯಾಗ ಕನ್ನಡ ಕೇಳಿ ಎಷ್ಟ ವರ್ಷಾತು.

30 ಆಗಸ್ಟ್, ಗುರುವಾರ. ಸಂಜಿ 7:00, ಯೂಟ್‌ನ್ಯಾಗ

ಹೊರಗ ಬಂದ ಕುಂತೇನಿ. ಒಳಗ ಹೋಗಾಕ ಧೈರ್ಯ ಇಲ್ಲ.

ನಜೀರಾ ಸೂಪರ್‌ಮಾರ್ಕೆಟ್ಟಿಗೆ ಹೋಗಿದ್ಲು. ಕೀರಿ ಸಿಕ್ಕಾಳ. ಅಪ್ಪಿಕೊಂಡು, "ನಿಮ್ಮ ಜಾಗಾ ನಮಗ ಬಿಟ್ಟ ಕೊಟ್ರಿ, ಎಷ್ಟ ದೊಡ್ಡ ಮನಸ್ಸು" ಅಂತ ಅತ್ತಾಳಂತ. ಕೊತಂಬರಿ ಮುಂದ ನಿಂತು.

ನಾ ಬೂಟ ಬಿಚ್ಚಾಕತ್ತಿದ್ನಿ. ಕನ್ನಡ ಶುರು ಆತು. ನಜೀರಾ ಸಿಟ್ಟಿಗೆದ್ರ ಕನ್ನಡ. ಬ್ಯಾಡಗಿ ಕನ್ನಡ, ಖಾರ ಜಾಸ್ತಿ.

"ಯಾವಾಗ ಬಿಟ್ಟ ಕೊಟ್ಟಿದ್ನಿ ನಾನು? ನನಗೂ ಹೇಳ್ರಿ, ನನ್ನ ದೊಡ್ಡ ಮನಸ್ಸಿನ ಸುದ್ದಿ!"

"ಹಂಗಲ್ಲ, ಹೆಸರ ಬರೀಲಿಲ್ಲ..."

"ಯಾಕ? ಪೆನ್ ಇದ್ದಿದ್ದಿಲ್ಲೇನು? ಊರ ಮಂದಿಗೆಲ್ಲ ಬಾಗಲ ಮಾಡಿ ಮನಿಗೆ ಗೋಣಿ ಪರದೆ ಕಟ್ಟೂ ವಂಶ ನಿಮ್ದು. ನಿಮ್ಮವ್ವ ಹೇಳಿದ್ಲು ನನಗ. ಕಡೀಕ ಓಣ್ಯಾಗ ನಿಂತು ಒದರಿ ಬಾಗಲ ತಂದ್ಲಂತ. ನಾನೂ ಒದರಲೇನು?"

"ನಿನಗ ಅಲ್ಲಿ ಬರೂದ ಬ್ಯಾಡಾಗಿತ್ತಲ್ಲ. ಒಂದ ಸಲನೂ ಬರಲಿಲ್ಲ."

ಕೊತಂಬರಿ ಸಂಚಿ ಕೆಳಗ ಇಟ್ಲು. ಆಮ್ಯಾಲ ಸಣ್ಣ ದನಿಲೆ, ಉರ್ದುದಾಗ, "ಸುಟ್ಟದ್ದು ನೋಡಾಕ ಬರಲಿಲ್ಲ. ಕಟ್ಟಿದ್ರ ಬರ್ತಿದ್ನಿ. ನೀವು ಕಟ್ಟಾಕತ್ತೀರಿ ಅಂತ ತಿಳಕೊಂಡಿದ್ನಿ. ದಿನಾ ಮುಂಜಾನೆ ಬುತ್ತಿ ಕಟ್ಟಿದ್ದು ಅದಕ್ಕ."

ಹದಿನೆಂಟ ತಿಂಗಳ ಬುತ್ತಿ.

ಬರೂ ತಿಂಗಳ ಹನ್ನೆರಡಕ್ಕ ಮೀಟಿಂಗ್ ಐತಿ.

12 ಸೆಪ್ಟೆಂಬರ್, ಬುಧವಾರ. ಸಂಜಿ 5:50, ಹಾಲ್ ಮುಂದ

ಹತ್ತ ನಿಮಿಷ ಐತಿ. ಪ್ರಾಕ್ಟೀಸ್ ಮಾಡಾಕತ್ತೇನಿ. "ಐ ವಾಂಟ್..." ಬ್ಯಾಡ. "ವಿ ವುಡ್ ಲೈಕ್..." ಅದು ಹೋಟೆಲಿನ್ಯಾಗ ಇಡ್ಲಿ ಹೇಳಿದಂಗ. "ಇಫ್ ಇಟ್ ಈಸ್ ಓಕೆ..." ಅಂದ್ರ ಮತ್ತ ತಿಳ್ಯಂಗಿಲ್ಲ ಇವರಿಗೆ, ಓಕೆ ಅಂತ ಬಿಟ್ಟಬಿಡ್ತಾರ.

ಛಾವಣಿ ಮ್ಯಾಲ ಒಂದ ಕಾಲಿಂದ ನಿಲ್ತೇನಿ, ಹೆದರಿಕಿ ಇಲ್ಲ. ಇದಕ್ಕ...

ಅದ ದಿನ. 8:15

ಕೇಳಿದ್ನಿ.

ರಾಸ್ "ಎನಿ ಅದರ್ ಬಿಸಿನೆಸ್?" ಅಂದ. ಕುರ್ಚಿ ಎತ್ತಿಡಾಕ ಎದ್ರು ಮಂದಿ. ನಾನೂ ಎದ್ದ್ನಿ, ಕುರ್ಚಿ ಎತ್ತಾಕ! ಕೈ ತಾನ ಹೋತು. ಬದರಿನಾಥ್ ಹಿಂದಿಂದ, "ರೀ, ಕುರ್ಚಿ ಬಿಡ್ರೀ" ಅಂದ.

ಕುರ್ಚಿ ಹಿಡಕೊಂಡ ಹೇಳಿದ್ನಿ. "ನನಗ ಮನಿ ಬೇಕು. ನಜೀರಾಗ ಮನಿ ಬೇಕು. ಇಲ್ಲೆ. ನಾ ಮೊದಲ ಹೇಳಬೇಕಿತ್ತು, ಹೇಳಲಿಲ್ಲ. ಯಾರರ ಕೇಳ್ತೀರಿ ಅಂತ ಕಾದಿದ್ನಿ." ಅಷ್ಟ. ಅಭ್ಯಾಸ ಮಾಡಿದ್ದು ಒಂದೂ ಬರಲಿಲ್ಲ.

ರಾಸ್ ಟೊಪಗಿ ತಗದ. "ಮೇಟ್... ನಿಮಗ ಬ್ಯಾಡ ಅಂತ ನಾವು..." ಅಂದ. ಮುಂದ "ಯಾ, ನಾ" ಸೈತ ಬರಲಿಲ್ಲ.

ಕೀರಿ ಎದ್ದು, ತಾವು ಬಿಡ್ತೇವಿ ಅಂದ್ಲು. ಮಾರಿ ಕೆಂಪಾಗಿತ್ತು. "ನಿಂದ ಕಾಂಕ್ರೀಟ್ ನಾನ ಹಾಕೇನಿ, ಲೆವೆಲ್ ಒಂದ ಮಿಲಿಮೀಟರ್ ತಪ್ಪಿಲ್ಲ. ಅದನ್ನ ಒಡೀ ಅಂತೀಯೇನ?" ಅಂದ್ನಿ. ನಕ್ರು ಮಂದಿ. ನಾ ನಗಲಿಲ್ಲ. ಆರಂದ್ರ ಆರ. ನೀರು ಅಷ್ಟ ಐತಿ.

ಹಳ್ಳದ ಆ ಕಡೆ, ಇಳಿಜಾರಿನ್ಯಾಗ, ಒಂದ ತುಂಡ ಐತಿ. ಎರಡನೇ ಕಂತು. ಬ್ಯಾರೆ ಟ್ಯಾಂಕ್ ಬೇಕು, ದಾರಿ ಬೇಕು, ಕೌನ್ಸಿಲ್ ಒಪ್ಪಬೇಕು. ಎರಡ ಚಳಿಗಾಲ ಅಂದ ಬದರಿನಾಥ್. ಸುಳ್ಳ ಹೇಳಂಗಿಲ್ಲ ಅಂವ. ರಾಸ್ ಆರನೇ ಹೆಸರಿನ ಕೆಳಗಿನ ಗೆರಿ ತೋಳಿಂದ ಒರಿಸಿ ಪೆನ್ ಕೊಟ್ಟ. ಬರದ್ನಿ. "ಮನೆ ಗೋಡೆ ನೆಟ್ಟಗೆ ಎಬ್ಬಿಸ್ತೀರ, ಹೆಸರು ಮಾತ್ರ ಸೊಟ್ಟ" ಅಂದ ಬದರಿನಾಥ್.

ದಣಿವು. ಒಂದ ದಿನದ್ದಲ್ಲ ಇದು.

13 ಸೆಪ್ಟೆಂಬರ್, ಗುರುವಾರ. 6:20

ಬುತ್ತಿ ಇಲ್ಲ ಇವತ್ತ. ಬಾಜೂ ಸೀಟು ಖಾಲಿ, ಗಾಡಿ ಸುಮ್ನ ಐತಿ.

ನಿನ್ನೆ ಮನಿಗೆ ಹೋದಾಗ ಕೇಳಿದ್ಲು, "ಎಲ್ಲರ ಮುಂದ ಕೇಳಿದ್ರಿ?"

"ಹೂಂ."

"ನೀವ?"

"ನಾನ. ಎರಡ ಚಳಿಗಾಲ ಕಾಯಬೇಕು."

ಚಪಾತಿ ಹೊಳ್ಳಿಸಿದ್ಲು. "ಏನಂತ ಬರದ್ರಿ ಹಲಗಿ ಮ್ಯಾಲ?"

"ಅಫ್ಜಲ್ ಅಂತ."

"ಬರೇ ಅಫ್ಜಲ್?"

...ಬ್ಯಾರೇದವ್ರದೆಲ್ಲ ಜೋಡಿ ಹೆಸರ ಅದಾವು. ಕೀರಿ ಮತ್ತ ಟಿಮ್. ರಾಸ್ ಒಬ್ಬಂದ ಒಂಟಿ, ಅಂವಗ ನಾಯಿ ಐತಿ ಬರೇ. ನಾ ಮತ್ತ ಅದನ್ನ ಮಾಡಿದ್ನಿ. ಅಕಿಗೆ ಗೊತ್ತಿರ್ತೈತಿ ಅಂತ, ಮಂದಿಗೆ ತಿಳೀತೈತಿ ಅಂತ.

ಚಪಾತಿ ಹೊತ್ತಿತ್ತು. ಇಬ್ರೂ ನೋಡಿದ್ವಿ, ಯಾರೂ ತಗೀಲಿಲ್ಲ.

7 ಅಕ್ಟೋಬರ್, ರವಿವಾರ. 11:40, ಮಟಗೌರಿ

ಸಣ್ಣಗ ಮಾತಾಡ್ತೇನಿ. ಅಕಿ ಹೊರಗ ಅದಾಳ.

ಮುಂಜಾನೆ ಸಂಚಿ ತಗೊಂಡು ಯೂಟ್‌ನ್ಯಾಗ ಬಂದ ಕುಂತ್ಲು. "ನಡೀರಿ" ಅಂದ್ಲು. ಎಲ್ಲಿಗೆ ಅಂತ ಕೇಳಲಿಲ್ಲ. ಕಣಿವಿ ತಿರುವಿನ್ಯಾಗ ಕಣ್ಣ ಮುಚ್ಚಿದ್ಲು, ಹಿಡಿಕಿ ಬಿಗಿ ಹಿಡದು. ಕರೀ ಗಿಡ ಇನ್ನೂ ನಿಂತಾವು ಗುಡ್ಡದ ಮ್ಯಾಲ, ಸುಟ್ಟ ಕಡ್ಡಿ ಚುಚ್ಚಿದಂಗ. ಕೆಳಗ ಹಸರು ಬಂದೈತಿ. "ತಗೀ ಕಣ್ಣ" ಅಂದ್ನಿ. "ನನ್ನ ಕಣ್ಣು, ನಾ ನೋಡ್ಕೊಂಡ ತಗೀತೇನಿ" ಅಂದ್ಲು.

ಮೊದಲ ಹಾಲ್‌ಗೆ ಹೋದ್ಲು. ಕೀಲಿ ನನ್ನ ಕಡೆ ಇತ್ತು. ಪೆನ್ ಹುಡುಕಿ, ನನ್ನ ಸೊಟ್ಟ ಹೆಸರಿನ ಬಾಜೂಕ ಬರದ್ಲು — ನಜೀರಾ. ನನಗಿಂತ ದೊಡ್ಡಕ್ಷರ. ಒಂದ ಹೆಜ್ಜಿ ಹಿಂದ ಸರದು ನೋಡಿದ್ಲು.

ಕೀರಿ ಮನಿ ಮುಂದ ಗಾಡಿ ನಿಲ್ಲಸು ಅನ್ನಲಿಲ್ಲ. ಕಿಟಕ್ಯಾಗಿಂದ ಅಕ್ರೋಟ್ ಬೊಡ್ಡಿ ನೋಡಿದ್ಲು. ಚಿಗುರು ಬಂದೈತಿ ಮತ್ತ. ಅಷ್ಟ.

ಈಗ ಹಳ್ಳ ದಾಟಿ ನಮ್ಮ ಜಾಗಾದಾಗ ಅದೇವಿ. ಇಳಿಜಾರು. ಗಾರ್ಸ್ ಮುಳ್ಳು ಮೊಣಕಾಲ ಮಟ. ನೀರಿಲ್ಲ, ದಾರಿ ಇಲ್ಲ. ನಾ ಟೇಪು ತಗೀಬೇಕಂತ ಟೂಲ್‌ಬಾಕ್ಸ್ ತಗದ್ನಿ. ಅಕಿ ಬಾಜೂಕ ಬಂದ್ಲು. ಗೋಣಿಚೀಲ ಕಂಡಿತು. ಬಿಚ್ಚಿದ್ಲು.

ನಾ ಬೈಸಿಕೊಳ್ಳಾಕ ತಯಾರಾಗಿ ನಿಂತ್ನಿ. ಎರಡ ತುಂಡನ್ನೂ ಕೂಡಿಸಿ ನೋಡಿದ್ಲು. ಕೂಡ್ತಾವು, ಆದ್ರ ನಿಲ್ಲಂಗಿಲ್ಲ. "ಎಷ್ಟ ದಿನದಿಂದ ಐತಿ ಇದು?" "ಮೊದಲಿಂದ." "ಇದನ್ನೂ ಹೇಳಲಿಲ್ಲ." "ಇಲ್ಲ." "ಮತ್ತೇನರ ಐತೇನ್ರಿ ಆ ಪೆಟ್ಟಗ್ಯಾಗ?" "ಸ್ಪ್ಯಾನರ್ ಅಷ್ಟ."

ನಕ್ಕಳೋ ಇಲ್ಲೋ, ಗೊತ್ತಾಗಲಿಲ್ಲ. ಆ ಕಡೆ ತಿರುಗಿದ್ಲು.

ಈಗ ಒಂದ ತುಂಡ ಕೈಯಾಗ ಹಿಡಕೊಂಡು ಮ್ಯಾಲ ಏರಾಕತ್ತಾಳ, ಮುಳ್ಳಿನ್ಯಾಗ, ಒಳ್ಳೇ ಚಪ್ಪಲಿ ಹಾಕ್ಕೊಂಡು. ನಾ ಹೋಗಬೇಕು. ಸ್ವಲ್ಪ ತಡದು ಹೋಗ್ತೇನಿ. ನೋಡೂಣು ಎಲ್ಲಿ ನಿಲ್ತಾಳ... ಎರಡ ಚಳಿಗಾಲ. ಅಕಿಗೆ ನಾಲ್ವತ್ತೊಂಬತ್ತು ಆಗ್ತೈತಿ ಅಷ್ಟೊತ್ತಿಗೆ. ನನಗ—

ಕರ್ಯಾಕತ್ತಾಳ. ಕನ್ನಡದಾಗ. ಸಿಟ್ಟಿಲ್ಲ, ಆದ್ರೂ ಕನ್ನಡ.

"ಏನ್ರೀ! ಫೋನಿನ ಜೋಡಿ ಆಮ್ಯಾಲ ಮಾತಾಡ್ರಿ! ಅಡಗಿಮನಿ ಇಲ್ಲೆ ಬರಲಿ. ಇಲ್ಲೆ ಇಡ್ತೇನಿ ಕಲ್ಲು!"

ಬಂದ್ನಿ... ಏ, ತಡಿ, ಅಲ್ಲೆ ಇಡಬ್ಯಾಡ! ಇಲ್ಲೆ ಬಿಸಿಲು ಉತ್ತರದಿಂದ ಬರ್ತೈತಿ, ಅದು ಬಚ್ಚಲಿನ ಜಾಗಾ. ಅಡಗಿಮನಿ ಇತ್ತ, ಬಾ, ಇನ್ನೂ ಇತ್ತ, ಇನ್ನ ಎರಡ ಹೆಜ್ಜಿ—